ಈರುಳ್ಳಿ ಹೊಲದ ಅಧ್ಯಕ್ಷ

ಫೋಟೋಗ್ರಾಫರ್ ಮೊದಲು ಕ್ಯಾಮೆರಾ ಕ್ಲಿಕ್ಕಿಸಿದ. ಆಮೇಲೆ ಕಿರುಚಿದ.

ಈರುಳ್ಳಿ ಹೊಲದ ನೀರುಗಾಲುವೆಯಲ್ಲಿ ಪಕ್ಷದ ಅಧ್ಯಕ್ಷ ಬೋರಲು ಬಿದ್ದಿದ್ದ. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಪಕ್ಕದಲ್ಲಿ ಗುದ್ದಲಿ. ಚುನಾವಣೆ ಬಂದಾಗಲೆಲ್ಲ ಅವನು ಈ ಹೊಲಕ್ಕೆ ಬರುತ್ತಿದ್ದ. ಆಳುಗಳನ್ನು ಆಚೆ ಕಳಿಸಿ, ತಾನೊಬ್ಬನೇ ನೀರು ಕಟ್ಟುವಂತೆ ಫೋಟೋ ತೆಗೆಸಿಕೊಳ್ಳುತ್ತಿದ್ದ.

"ಕಾಲು ಜಾರಿದೆ, ತಲೆ ಕಲ್ಲಿಗೆ ಬಡಿದಿದೆ," ಎಂದ ಅಧ್ಯಕ್ಷನ ಮಗ. "ಬೇಗ ಮುಗಿಸಿ ಮೇಡಂ, ಜನ ಕಾಯ್ತಿದಾರೆ."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. "ಗಾಯ ಇರೋದು ತಲೆ ಹಿಂದೆ. ಹಿಂದಕ್ಕೆ ಬಿದ್ದವರು ಬೋರಲಾಗಿದ್ದು ಹೇಗೆ?"

ಮಗ ಆಗಲೇ ಫೋನಿನಲ್ಲಿದ್ದ. "ಬ್ಯಾನರ್‌ನಲ್ಲಿ ಅಪ್ಪಂದು ದೊಡ್ಡದಿರಲಿ, ನಂದು ಪಕ್ಕದಲ್ಲಿ. ಅಳ್ತಿರೋ ಫೋಟೋ ಆಮೇಲೆ ಕಳಿಸ್ತೀನಿ."

ಇನ್‌ಸ್ಪೆಕ್ಟರ್ ಹೆಣದ ಪಕ್ಕದ ಮಣ್ಣನ್ನೇ ನೋಡುತ್ತಿದ್ದಳು. ಅಲ್ಲಿ ಹೊಸದಾಗಿ ಕೆದಕಿದ ಸಣ್ಣ ತೋಡೊಂದು ಹೆಣವನ್ನು ಬಳಸಿ ಮುಂದೆ ಹೋಗಿತ್ತು. ಕೊನೆಯದೊಂದನ್ನು ಬಿಟ್ಟು ಆಚೆಗಿನ ಪಾತಿಗಳೆಲ್ಲ ಹದವಾಗಿ ನೆನೆದಿದ್ದವು.

* * *

"ಅಪ್ಪ ಮಗ ಹಾವು ಮುಂಗುಸಿ," ಎಂದು ಪಕ್ಷದ ಕಾರ್ಯದರ್ಶಿ ಪಿಸುಗುಟ್ಟಿದ. "ಟಿಕೆಟ್ ನಿನಗಿಲ್ಲ ಅಂತ ನಿನ್ನೆ ಎಲ್ಲರ ಮುಂದೆ ಉಗಿದ್ರು."

"ಬೆಳಿಗ್ಗೆ ನೀವೆಲ್ಲಿದ್ರಿ?"

"ಗೇಟಿನ ಹತ್ರ, ಕಾರಲ್ಲಿ. ಭಾಷಣ ತಿದ್ದುತ್ತಿದ್ದೆ."

ಮಗ ಮಲಗಿದ್ದನಂತೆ. ಸಾಕ್ಷಿ ಯಾರೂ ಇಲ್ಲ. ಪೇದೆ ಬೇಡಿಗೆ ಕೈ ಹಾಕಿದ. ಇನ್‌ಸ್ಪೆಕ್ಟರ್ ಕಣ್ಣಲ್ಲೇ ತಡೆದು ಹೊಲದ ಮನೆಯ ಅಡುಗೆಮನೆಗೆ ಹೋದಳು.

ಅಲ್ಲಿ ಅಧ್ಯಕ್ಷನ ಅಕ್ಕ ಕೂತಿದ್ದಳು. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ಬೆಲೆ ಬಿದ್ದ ವರ್ಷ ಅವನು ಹೆದ್ದಾರಿಗೆ ಈರುಳ್ಳಿ ಸುರಿದು, ರಸ್ತೆ ತಡೆದು ನಾಯಕನಾದ. ಸುರಿದದ್ದು ಅವಳು ಬೆಳೆದ ಈರುಳ್ಳಿ. ಅಂದಿನಿಂದ ಅವನು ಗುದ್ದಲಿ ಹಿಡಿದದ್ದು ಫೋಟೋಗೆ ಮಾತ್ರ.

"ಇವತ್ತು ಹೊಲಕ್ಕೆ ಹೋಗಿದ್ರಾ?"

"ಇಲ್ಲಮ್ಮ. ಫೋಟೋ ದಿನ ನಾನು ಕಣ್ಣಿಗೆ ಬೀಳಬಾರದು. ದುಡಿಯೋಳು ನಾನು, ರೈತ ಅವನು."

"ಜಗಳ?"

"ಹೊಲ ಕಾರ್ಖಾನೆಗೆ ಕೊಟ್ಟಾಯ್ತು, ಗಂಟುಮೂಟೆ ಕಟ್ಟು ಅಂದ. ಒಡಹುಟ್ಟಿದವನ ಹತ್ರ ಏನು ಜಗಳ ಆಡಲಿ?"

* * *

ಹೆಣ ಸಾಗಿಸಿದ ಮೇಲೆ ಇನ್‌ಸ್ಪೆಕ್ಟರ್ ಮೂವರನ್ನೂ ಹೊಲಕ್ಕೆ ಕರೆಸಿ ಪಂಪು ಹಾಕಿಸಿದಳು. ನೀರು ಒಂದೇ ಪಾತಿಗೆ ನುಗ್ಗಿತು, ತುಂಬಿತು. ಬದು ಕುಸಿಯತೊಡಗಿತು.

"ಅಯ್ಯೋ, ನನ್ನ ಶೂ!" ಮಗ ಹಿಂದೆ ನೆಗೆದ. ಕಾರ್ಯದರ್ಶಿ ಪ್ಯಾಂಟು ಎತ್ತಿಕೊಂಡ.

ಅಕ್ಕ ಮಂಡಿಯೂರಿದಳು. ಬರಿಗೈಯಲ್ಲೇ ಪಾತಿಯ ಬಾಯಿ ಮುಚ್ಚಿ ಪಕ್ಕದ್ದನ್ನು ಬಿಡಿಸಿದಳು. ಆಮೇಲೆ ತಲೆಯೆತ್ತಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಬೆಳಿಗ್ಗೆಯೂ ಇದನ್ನೇ ಮಾಡಿದ್ರಿ," ಎಂದಳು ಇನ್‌ಸ್ಪೆಕ್ಟರ್. "ಅವರು ಸತ್ತಾಗ ಪಂಪು ಓಡ್ತಿತ್ತು. ಯಾರೂ ಮುಟ್ಟದಿದ್ರೆ ಮೊದಲ ಪಾತಿ ಕೆರೆಯಾಗಿ, ಉಳಿದವು ಒಣಗಿರಬೇಕಿತ್ತು. ಹೆಣ ಅಡ್ಡ ಬಂತು ಅಂತ ನೀವು ಪಕ್ಕದಲ್ಲಿ ತೋಡು ತೆಗೆದ್ರಿ. ಒಂದೊಂದೇ ಪಾತಿಗೆ ನೀರು ತಿರುಗಿಸಿದ್ರಿ. ಕೊಂದವರು ಇವರಿಬ್ಬರಲ್ಲಿ ಒಬ್ಬರಾಗಿದ್ದರೆ ಓಡಿಹೋಗ್ತಿದ್ರು. ಆಳುಗಳು ಇರಲಿಲ್ಲ."

ಅಕ್ಕ ಕೈಯ ಕೆಸರು ನೋಡಿಕೊಂಡಳು. "ಗುದ್ದಲಿ ಹಿಡಿಯೋದು ಹೇಗೆ, ಮರೆತೋಯ್ತು ಅಂದ. ತೋರಿಸ್ಕೊಡು ಅಂತ ನಕ್ಕ. ತೋರಿಸ್ದೆ."

"ಬಾಯಲ್ಲಿ ಕೆಸರುನೀರಿತ್ತು, ಅಂದ್ರೆ ಬಿದ್ದ ಮೇಲೂ ಉಸಿರಿತ್ತು. ಮುಖ ನೀರಿಗೆ ತಿರುಗಿಸಿದ್ದು?"

"ನಾನೇ."

ಪೇದೆ ಬೇಡಿ ತೊಡಿಸಿದ. ಅವಳು ಒಂದೇ ಒಂದು ಮಾತು ಕೇಳಿದಳು. "ಕೊನೇ ಪಾತಿ ಬಾಕಿ ಇದೆ. ಎಳೇ ಗೆಡ್ಡೆ, ತಡ್ಕೊಳ್ಳಲ್ಲ. ನೀರು ಬಿಟ್ಟು ಬರ್ಲಾ?"

"ಇನ್ನು ಯಾರೂ ಏನೂ ಮುಟ್ಟೋ ಹಾಗಿಲ್ಲ," ಎಂದಳು ಇನ್‌ಸ್ಪೆಕ್ಟರ್. ಪಂಪು ನಿಲ್ಲಿಸಿದಳು.

"ಒಣಗ್ಲಿ ಬಿಡಿ ಅತ್ತೆ," ಎಂದ ಮಗ, ಶೂ ಒರೆಸಿಕೊಳ್ಳುತ್ತ. "ಹಸಿ ನೆಲದಲ್ಲಿ ಬುಲ್ಡೋಜರ್ ಹೂತುಕೊಳ್ಳತ್ತೆ."