ಮೀನಲ ಮಾರದ ಡಿಸ್ಕ್

ಬ್ರೇಕ್ ಡಿಸ್ಕ್ ಕೊಳ್ಳಲು ಯಾರಾದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಾರೆಯೇ? ಅಮರನಾಥ ಬಂದಿದ್ದ. ಕೌಂಟರಿನ ಹಿಂದೆ ನಿಂತ ಮೀನಲ ಅವನನ್ನು ನೋಡಿದಳು, ನೋಡೇ ಇಲ್ಲವೆಂಬಂತೆ ಕ್ಯಾಟಲಾಗ್ ತಿರುವಿದಳು, ಮತ್ತೊಮ್ಮೆ ನೋಡಿದಳು.

ಉಮರ್ಗಾದ ಹೈವೇ ಮಗ್ಗುಲಿನ ಆ ಸ್ಪೇರ್ ಪಾರ್ಟ್ಸ್ ಅಂಗಡಿಯನ್ನು, ಅಪ್ಪ ವಿಶ್ವನಾಥಪ್ಪನವರಿಗೆ ಮಂಡಿನೋವು ಶುರುವಾದಾಗಿನಿಂದ ಅವಳೇ ನಡೆಸುತ್ತಿದ್ದಳು. ಕಾಸಾರಶಿರಸಿಯ ಮೆಕ್ಯಾನಿಕ್ಕುಗಳೂ ಅನುಮಾನ ಬಂದರೆ ಅವಳಿಗೇ ಫೋನ್ ಮಾಡುತ್ತಿದ್ದರು. ಆದರೆ ಅವಳನ್ನು ನೋಡಲು ಬಂದ ಇಬ್ಬರು ಗಂಡುಗಳ ಕಡೆಯವರೂ ಮದುವೆಯಾದ ಮೇಲೆ ಕೌಂಟರ್ ಬಿಡಬೇಕು ಎಂದಿದ್ದರು. ಚಹಾ ಕುಡಿಸಿ ಕಳಿಸಿದ್ದಳು. ನಿಲಂಗಾದಿಂದ ಹೈದರಾಬಾದಿಗೆ ಬಾಡಿಗೆ ಕಾರು ಓಡಿಸುವ ಅಮರನಾಥ ಮಾತ್ರ ತನ್ನೂರಲ್ಲೇ ಸಿಗುವ ಬಲ್ಬಿಗೂ, ವೈಪರಿಗೂ ಎಂಟು ತಿಂಗಳಿಂದ ಇಲ್ಲಿಗೇ ಬರುತ್ತಿದ್ದ. ಇವನು ಬೇರೆ ಥರದವನು ಎಂದು ನಂಬಿ, ಮೀನಲ ಮನಸ್ಸು ಕೊಟ್ಟುಬಿಟ್ಟಿದ್ದಳು.

ಅಂದು ಅವನು ಕೇಳಿದ್ದು ತೂತು ಕೊರೆದ, ಮಿರಮಿರ ಮಿಂಚುವ ಡಿಸ್ಕು. ಗಾಲಿಯ ಸಂದಿಯಿಂದ ಅದು ಹೊರಗೆ ಕಾಣಬೇಕಂತೆ. ಮೀನಲ ತಿಳಿಸಿ ಹೇಳಿದಳು: ಕಾರಿನ ತುಂಬ ಮಂದಿ, ಮೇಲೆ ಲಗೇಜು, ದಿನಾ ಹೈವೇ, ಬ್ರೇಕಿನಿಂದ ಡಿಸ್ಕು ಪದೇಪದೇ ಕಾದರೆ ಆ ತೂತುಗಳ ಅಂಚಿನಿಂದಲೇ ಬಿರುಕು ಬಿಡಬಹುದು, ಮಳೆಗಾಲದಲ್ಲಿ ಎರೆಮಣ್ಣು ಬೇರೆ ಮೆತ್ತುತ್ತದೆ, ಒಳಗೆ ಗಾಳಿಯಾಡುವ ಸಾದಾ ಡಿಸ್ಕೇ ಸರಿ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಅಮರನಾಥನ ಮುಖ ಕೆಂಪಾಯಿತು.

“ಗಾಡಿ ನಂದರೀ,” ಎಂದ.

“ಗಾಡಿ ನಿಮ್ದರೀ. ಹಿಂದ ಕುಂತಾವ್ರ ಜೀವ ನಿಮ್ದಲ್ಲ. ನನ್ನ ಕೈಲೆ ನಾ ಅದನ್ನ ಕೊಡೂದಿಲ್ಲ.”

ಉದಗೀರದಲ್ಲಿ ತೊಗೊಳ್ಳುತ್ತೇನೆ ಎಂದು ಅವನು ಸರಕ್ಕನೆ ಹೊರಟುಹೋದ. ಹನ್ನೆರಡು ದಿನ ಬರಲಿಲ್ಲ, ಫೋನೂ ಇಲ್ಲ. ಮೀನಲಳೂ ಮಾಡಲಿಲ್ಲ. ಒಂದು ಡಿಸ್ಕಿನ ವಿಷಯದಲ್ಲಿ ತನ್ನ ಮಾತು ಕೇಳದವನು ಸಂಸಾರದಲ್ಲಿ ಕೇಳುತ್ತಾನೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು, ಹೊರಗೆ ಬಿಳಿ ಕಾರು ನಿಂತಾಗಲೆಲ್ಲ ಕತ್ತು ಚಾಚಿದಳು. ಆದರೂ ಅವನು ಕೇಳಿದ್ದನ್ನು ಕೊಟ್ಟುಬಿಡಬೇಕಿತ್ತು ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ.

ಹದಿಮೂರನೆಯ ದಿನ ಬೆಳಿಗ್ಗೆ ಅವನ ಕಾರು ಅಂಗಡಿಯ ಮುಂದೆ ನಿಂತಿತು. ಹಿಂದಿನ ಸೀಟಿನಿಂದ ಅವನ ತಾಯಿ ಶೇವಂತಾಬಾಯಿ ಇಳಿದರು. ಹಣೆತುಂಬ ವಿಭೂತಿ, ಕೈಯಲ್ಲಿ ಸೀರೆ, ಕುಪ್ಪಸದ ಖಣ. ಯಾಕೆ ಬಂದಿದ್ದಾರೆಂದು ವಿಶ್ವನಾಥಪ್ಪನವರಿಗೆ ತಿಳಿಯಿತು, ಕುರ್ಚಿ ಹಿಡಿದು ಎದ್ದು ನಿಂತರು. ಮೀನಲ ಮಾತ್ರ ನಮಸ್ಕಾರ ಮಾಡುವುದನ್ನೂ ಮರೆತು, ಮುಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಸಂದಿಯಲ್ಲಿ ಇಣುಕಿದಳು.

ಸಾದಾ ಡಿಸ್ಕು.

“ಉದಗೀರದಾಗ ತೂತಿಂದು ಸಿಗಲಿಲ್ಲೇನು?” ತಲೆ ಎತ್ತದೆ ಕೇಳಿದಳು.

“ಸಿಕ್ಕಿತ್ತು. ಕೈಯಾಗ ಹಿಡಿದು, ವಾಪಸ್ ಇಟ್ಟೀನಿ.” ಅಮರನಾಥನ ದನಿ ತಗ್ಗಿತು. “ಅವ್ವನ್ನ ಕರ್ಕೊಂಡು ನಿಮ್ಮ ಬಾಗಲಿಗಿ ಬರಾಂವ ಇದ್ದೆ. ಗಾಡಿ ಚಂದ ಕಾಣಲಿ ಅಂತ ಕೇಳಿದ್ದೆ. ನಿಮ್ಮ ಮಾತ ಖರೇ ಅಂತ ಅವತ್ತ ತಿಳೀತು. ಎದುರಿಗಿ ಬಂದು ಹೇಳಲಾಕ ನಾಚಿಕಿ ಆತು.”

ಮೀನಲ ಎದ್ದು ಕೈ ಒರೆಸಿಕೊಂಡಳು. ಶೇವಂತಾಬಾಯಿಯ ಪಾದ ಮುಟ್ಟಿ, ಮದುವೆಯಾದರೂ ತಾನು ಕೌಂಟರ್ ಬಿಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಳು.

“ಇಂವ ಹುಟ್ಟಿ ಮೂವತ್ತು ವರ್ಷಾತು, ನನ್ನ ಮಾತ ಒಂದಿನಾ ಕೇಳಿಲ್ಲ,” ಎಂದರು ಶೇವಂತಾಬಾಯಿ. “ನಿಂದ ಕೇಳ್ಯಾನ. ನೀ ಯಾಕ ಕೌಂಟರ್ ಬಿಡಬೇಕವಾ?”

ಅಪ್ಪ ಕೇಳುತ್ತಿದ್ದರು, ಗಿರಾಕಿಗಳು ಕೇಳುತ್ತಿದ್ದರು. ಮೀನಲ ಅಮರನಾಥನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ದನಿ ತಗ್ಗಿಸಲಿಲ್ಲ.

“ಡಿಸ್ಕ್ ಹೊಸಾವ ಅದಾವ, ಈಗ ಜೋರ್ ಬ್ರೇಕ್ ಹೊಡೀಬ್ಯಾಡ್ರಿ. ಸಾವಕಾಶ ಹೋಗ್ರಿ,” ಎಂದಳು. “ನನಗ ನೀವು ಬೇಕಾಗೀರಿ.”