ಮಾಡ್ಯೂಲ್ ಲೋಡ್ ಆದ ಮೇಲೆ

"ನಿಮ್ಮ ಹೊಸ ಕರ್ನಲ್ ನನ್ನ ಮಾಡ್ಯೂಲನ್ನ ಒಳಗೇ ಬಿಟ್ಕೊಳ್ತಿಲ್ಲ," ಎಂದು ಅವನು ಅವಳ ಆಫೀಸಿನ ಬಾಗಿಲಲ್ಲೇ ನಿಂತು ಹೇಳಿದ. ದೂರು ಹೇಳಲು ಬಂದವನ ಮುಖದಲ್ಲಿ ಅಷ್ಟೊಂದು ನಗು ಯಾಕಿತ್ತೋ, ಅವನನ್ನೇ ಕೇಳಬೇಕು.

"ಇದಕ್ಕೆ ಒಂದು ಮೇಲ್ ಸಾಕಿತ್ತಲ್ವಾ?" ಎಂದು ಅವಳು ಕೇಳಿದಳು.

"ಸಾಕಿತ್ತು. ನಮ್ಮಕ್ಕನೂ ಅದನ್ನೇ ಕೇಳಿದ್ಲು. ಮೇಲ್ ಕಳಿಸೋಕೆ ಯಾರಾದ್ರೂ ಶರ್ಟ್ ಇಸ್ತ್ರಿ ಮಾಡ್ತಾರಾ ಅಂತ."

ಅವಳು ಶರ್ಟ್ ನೋಡಿದಳು. ನೋಡಿದ್ದು ಅವನಿಗೆ ಗೊತ್ತಾಯಿತೆಂದು ತಿಳಿದು ಸ್ಕ್ರೀನಿನ ಕಡೆ ತಿರುಗಿದಳು.

ಅವನು ಕಣ್ಣಿನ ಸ್ಕ್ಯಾನಿಂಗ್ ಯಂತ್ರಗಳನ್ನು ಕಂಪ್ಯೂಟರ್ ಜೊತೆ ಮಾತಾಡಿಸುವ ಡ್ರೈವರ್ ಬರೆಯುವವನು; ಅವನ ಮಾಡ್ಯೂಲ್ ಎಂದರೆ ಅದೇ. ಅವಳು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕಾಯುವವಳು. ಕರ್ನಲ್ ಹೊಸದಾದರೂ ಹೊರಗಿನವರ ಹಳೆಯ ಮಾಡ್ಯೂಲ್‌ಗಳು ಮೊದಲಿನಂತೆಯೇ ಓಡುವ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ಯಾರು ಏನು ಬದಲಿಸಹೋದರೂ ಅಡ್ಡಗಾಲು ಹಾಕುತ್ತಾಳೆಂದು ಆಫೀಸಿನವರು ಅವಳನ್ನು ಅತ್ತೆಮ್ಮ ಎನ್ನುತ್ತಿದ್ದರು.

ಅವನು ಪಕ್ಕದ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪ್ ತೆರೆದ. ತಪ್ಪು ಬೇಗನೇ ಸಿಕ್ಕಿತು. ತಂಡದವರೊಬ್ಬರು ಮಾಹಿತಿಯನ್ನು ಸಾಲಾಗಿ ಜೋಡಿಸಿಟ್ಟ ಒಂದು ಸ್ಟ್ರಕ್ಚರ್‌ನ ನಡುವೆ ಹೊಸ ಫೀಲ್ಡ್, ಅಂದರೆ ಹೊಸ ಖಾನೆ, ತೂರಿಸಿದ್ದರು. ಅದರ ಕೆಳಗಿನದೆಲ್ಲ ಜಾಗ ಸರಿದಿತ್ತು. ಮನೆ ನಂಬರುಗಳು ಬದಲಾದ ಬೀದಿಗೆ ಹಳೆಯ ವಿಳಾಸ ಹಿಡಿದು ಬಂದವನ ಪಾಡು ಅವನ ಮಾಡ್ಯೂಲಿನದು. ಅದು ಆಗಲೇ ನೂರಾರು ಆಸ್ಪತ್ರೆಗಳ ಯಂತ್ರಗಳಲ್ಲಿ ಕೂತಿತ್ತು, ಒಂದೊಂದನ್ನೂ ಹುಡುಕಿ ಬದಲಿಸುವ ಹಾಗಿರಲಿಲ್ಲ.

"ಜಬರ್ದಸ್ತಿಯಿಂದ ಲೋಡ್ ಮಾಡಿಬಿಟ್ರೆ?"

"ಮಾಡಬಹುದು. ಆಮೇಲೆ ಯಾರದೋ ಕಣ್ಣಿನ ಅಳತೆ ತಪ್ಪಾಗಿ ಬರುತ್ತೆ. ಪರವಾಗಿಲ್ವಾ?"

"ಬೇಡಪ್ಪಾ. ಅತ್ತೆಮ್ಮ ಹೇಳಿದ್ಮೇಲೆ ಮುಗೀತು."

"ಆ ಹೆಸರು ನಿಮ್ಮವರೆಗೂ ಬಂತಾ?" ಎಂದಳು. ಕಿವಿ ಕೆಂಪಾಗಿತ್ತು.

ಇಂಥ ದಿನಕ್ಕೆಂದೇ ಸ್ಟ್ರಕ್ಚರ್‌ನ ಕೊನೆಯಲ್ಲಿ ಒಂದಷ್ಟು ಜಾಗ ಖಾಲಿ ಬಿಟ್ಟಿರುತ್ತಾರೆ. ಅವಳು ಹೊಸ ಫೀಲ್ಡನ್ನು ಅಲ್ಲಿಗೆ ಸಾಗಿಸಿದಳು. ಇನ್ನೊಂದು ಕೆಲಸ ಉಳಿದಿತ್ತು. ಅವನ ಮಾಡ್ಯೂಲ್ ಬಳಸುವ ಕರ್ನಲ್ ಭಾಗಗಳನ್ನೆಲ್ಲ ತಪಾಸಣೆಯ ಪಟ್ಟಿಗೆ ಸೇರಿಸಿಬಿಟ್ಟರೆ, ಮುಂದೆ ಇಂಥ ತಪ್ಪು ಬಿಡುಗಡೆಗೆ ಮೊದಲೇ ಸಿಕ್ಕಿಬೀಳುತ್ತದೆ. ಅವನು ಬರುವ ಅಗತ್ಯವೇ ಇರುವುದಿಲ್ಲ.

ಅವಳ ಬೆರಳುಗಳು ಅಲ್ಲೇ ನಿಂತವು. ಈವರೆಗೂ ಏನಾದರೂ ಕೆಟ್ಟಾಗಲಷ್ಟೇ ಅವನು ಬಂದಿದ್ದ. ಕೆಲಸವನ್ನು ಚೆನ್ನಾಗಿ ಮಾಡಿದ್ದಕ್ಕೆ ಸಿಗುವ ಕೂಲಿ ಇದೇನಾ ಎಂದು ಅವಳಿಗೆ ಸಿಟ್ಟು ಬಂತು, ಹಿಂದೆಯೇ ದುಃಖವೂ ಬಂತು. ಆದರೂ ಸೇರಿಸಿದಳು. ಕರ್ನಲ್ ಮತ್ತೆ ಸಿದ್ಧವಾದ ಮೇಲೆ ಅವನು ತನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡ್ಯೂಲ್ ಓಡಿಸಿ ನೋಡಿದ.

"ಲೋಡ್ ಆಯ್ತು," ಎಂದ ಅವನು. ದನಿಯಲ್ಲಿ ಖುಷಿಯೇ ಇರಲಿಲ್ಲ.

"ಇನ್ಮುಂದೆ ಕೆಡಲ್ಲ. ಕೆಡೋಕೆ ನಾನು ಬಿಡಲ್ಲ."

"ಹಾಗಾದ್ರೆ ನಾನು ಯಾವ ನೆಪ ಹೇಳ್ಕೊಂಡು ಬರ್ಲಿ?"

ಅವಳು ಅವನ ಕಡೆ ತಿರುಗಿದಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ನೆಪ ಯಾಕೆ? ಸುಮ್ನೆ ಬನ್ನಿ. ನೀವು ಬರ್ದೇ ಇದ್ರೆ ನನಗಾಗಲ್ಲ," ಎಂದಳು. "ಇದನ್ನ ಸರಿ ಮಾಡದೇ ಹಾಗೇ ಬಿಟ್ಬಿಡೋಣ ಅಂತ ಕೂಡ ಒಂದು ಕ್ಷಣ ಅನ್ನಿಸ್ತು, ಗೊತ್ತಾ?"

ಅವನ ಮುಖಕ್ಕೆ ನಗು ಮರಳಿತು.

"ಬಿಟ್ಟಿದ್ರೆ, ನಾನು ಇಷ್ಟಪಟ್ಟೋರು ನೀವಾಗಿರ್ತಿರ್ಲಿಲ್ಲ."

ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದ. ಬಂದ ಕೆಲಸ ಮುಗಿದಿತ್ತು. ಅವನು ಕುರ್ಚಿ ಬಿಟ್ಟು ಏಳಲಿಲ್ಲ, ಅವಳೂ ಹೊರಡಿ ಎನ್ನಲಿಲ್ಲ.