ಗಾಜಿನ ಪೆಟ್ಟಿಗೆಯ ಭೂಕಂಪ ಮಾಪಕ

‘ಭೂಕಂಪ ಮಾಪಕ. ವಿನ್ಯಾಸ ಮತ್ತು ತಯಾರಿಕೆ: ಭೌತಶಾಸ್ತ್ರ ವಿಭಾಗದ ಪ್ರಾಧ್ಯಾಪಕರು.’ ವಿಶ್ವವಿದ್ಯಾಲಯದ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಆ ಚೀಟಿ ಓದಿದಾಗಲೆಲ್ಲ ಅದೇ ವಿಭಾಗದ ನಿವೃತ್ತ ಮೆಕ್ಯಾನಿಕ್‌ಗೆ ಮೈ ಉರಿಯುತ್ತಿತ್ತು. ಪ್ರಾಧ್ಯಾಪಕರು ಕೊಟ್ಟದ್ದು ಲಕೋಟೆಯ ಹಿಂದೆ ಗೀಚಿದ ಒಂದು ಚಿತ್ರ, ಅಷ್ಟೆ. ಹಿತ್ತಾಳೆ ಕಡೆದು, ತೂಗುಗುಂಡು ಎರಕ ಹೊಯ್ದು, ಕೂದಲೆಳೆಯಂಥ ಮುಳ್ಳು ಕೂರಿಸಿದ್ದು ಇವನ ಕೈ.

ಮೂರು ಸಲ ಹೋಗಿ ಕೇಳಿದ್ದ. ಹೆಸರು ಹಾಕದಿದ್ದರೆ ಹೋಗಲಿ, ಕೆಟ್ಟು ನಿಂತದ್ದನ್ನು ರಿಪೇರಿಯಾದರೂ ಮಾಡಿಕೊಡುತ್ತೇನೆ ಅಂದಿದ್ದ.

“ಅಯ್ಯೋ ಯಜಮಾನ್ರೇ, ಅದು ಈಗ ಮಷೀನಲ್ಲ, ಪರಂಪರೆ. ಯಾರೂ ಮುಟ್ಟೋ ಹಾಗಿಲ್ಲ,” ಅಂದಿದ್ದಳು ಮೇಲ್ವಿಚಾರಕಿ. “ಟಿಕೆಟ್ ತಗೊಂಡು ಎಷ್ಟು ಸಲ ಬೇಕಾದ್ರೂ ಬಂದು ನೋಡಿ.”

ಸ್ವಂತ ಮಗುವನ್ನು ನೋಡಲು ಟಿಕೆಟ್ಟು! ಅವತ್ತೇ ತೀರ್ಮಾನಿಸಿದ. ಅದನ್ನು ಮನೆಗೆ ತರುವುದು. ಅದರ ಜಾಗದಲ್ಲಿ ಅಂಥದ್ದೇ ಇನ್ನೊಂದನ್ನು ಇಡುವುದು.

ಏಳು ತಿಂಗಳು ಹಿಡಿಯಿತು. ವಾರವಾರವೂ ಹೋಗಿ ಒಂದೊಂದು ಕಲೆಯನ್ನೂ ಕಣ್ಣಲ್ಲೇ ಅಳೆದು ಬಂದ. ಪೀಠದ ಬಿರುಕು, ಸುರುಳಿ ಕಾಗದದ ಹಳದಿ, ಹಿತ್ತಾಳೆಯ ಹಸಿರು ಕಿಲುಬು, ಯಾವುದನ್ನೂ ಬಿಡಲಿಲ್ಲ. ಆದರೂ ಸಮಾಧಾನವಿಲ್ಲ, ಎರಡು ಸಲ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ.

“ಏನ್ರೀ ಅದು, ಊಟಾನೂ ಬಿಟ್ಟು?” ಅಂದಳು ಹೆಂಡತಿ.

“ಹಳೇ ಕೆಲಸ ಕಣೇ.”

“ಆಗ ಸಂಬಳನಾದ್ರೂ ಕೊಡ್ತಿದ್ರು.”

ಮಂಗಳವಾರ ಮಧ್ಯಾಹ್ನ, ಬಾಗಿಲ ಕಾವಲುಗಾರ ಊಟದ ಡಬ್ಬಿ ಬಿಚ್ಚುವ ಹೊತ್ತು. ಆ ಮೂಲೆಗೆ ಕ್ಯಾಮೆರಾ ಇಲ್ಲ. ಕೆಟ್ಟ ಸಾಮಾನನ್ನು ಯಾರು ಕದಿಯುತ್ತಾರೆ? ಗಾಜಿನ ಪೆಟ್ಟಿಗೆಗೆ ನಾಲ್ಕೇ ಸ್ಕ್ರೂ. ಹಳೆಯದು ಚೀಲಕ್ಕೆ, ಹೊಸದು ಅದರ ಜಾಗಕ್ಕೆ. ಹನ್ನೊಂದು ನಿಮಿಷ. ನಾಲ್ಕೂ ಸ್ಕ್ರೂ ಮತ್ತೆ ಬಿಗಿದ.

“ಏನ್ ಯಜಮಾನ್ರೇ, ದರ್ಶನ ಆಯ್ತಾ?” ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿದ ಕಾವಲುಗಾರ.

“ಆಯ್ತಪ್ಪ. ಇನ್ನು ಬರೋದಿಲ್ಲ.”

ಸಂಜೆ ಮನೆಯ ಮೇಜಿನ ಮೇಲೆ ಹಳೆಯದನ್ನು ಬಿಚ್ಚಿದ. ಕಾಗದದ ಸುರುಳಿ ತಿರುಗಿಸುವ ಗಡಿಯಾರದ ಸ್ಪ್ರಿಂಗು ಮುರಿದಿತ್ತು, ಅಷ್ಟೇ. ಒಂದು ಗಂಟೆಯ ಕೆಲಸಕ್ಕೆ ಇಷ್ಟು ವರ್ಷ ಬಿಡಲಿಲ್ಲವಲ್ಲ ಎಂದು ಹಲ್ಲು ಕಡಿಯುವಾಗ ಫೋನು ಬಂತು. ಮೇಲ್ವಿಚಾರಕಿ.

“ಯಜಮಾನ್ರೇ, ಇಲ್ಲಿ ಪೊಲೀಸ್ನೋರು ಬಂದಿದ್ದಾರೆ. ಭೂಕಂಪ ಮಾಪಕಾನ ಯಾರೋ ಮುಟ್ಟಿದ್ದಾರೆ, ಅದರ ಕೆಲಸ ಯಾರಿಗೆ ಗೊತ್ತು ಅಂತ ಕೇಳಿದ್ರು. ಅದನ್ನ ಮಾಡಿದ್ದೇ ನೀವು ಅಂತ ನಿಮ್ಮ ಹೆಸರು ಹೇಳಿದೆ.”

ಕೊನೆಗೂ ಹೇಳಿದಳಲ್ಲ! ಒಂದು ಕ್ಷಣ ಅವನಿಗೆ ಸಂತೋಷವೇ ಆಯಿತು. ಆಮೇಲೆ ಅವಳ ದನಿಯ ಹಿಂದಿನಿಂದ ಇನ್ನೊಂದು ಸದ್ದು ಕೇಳಿಸಿತು. ಟಿಕ್, ಟಿಕ್, ಟಿಕ್. ಬಿರುಕು, ಕಿಲುಬು ಎಲ್ಲವನ್ನೂ ನಕಲು ಮಾಡಿದ್ದವನು ಕೆಟ್ಟು ನಿಂತದ್ದನ್ನು ಮಾತ್ರ ನಕಲು ಮಾಡಿರಲಿಲ್ಲ. ಹೊಸದನ್ನು ಕೂರಿಸಿದ ಕೂಡಲೇ ಕೈ ತನ್ನ ಪಾಡಿಗೆ ತಾನು ಕೀಲಿ ಕೊಟ್ಟುಬಿಟ್ಟಿತ್ತು.